ಗುಳಿಗಿ ತಗೋತೀಯಾ ಅಂದರೆ ಎಲ್ಲರೂ ಹೂಂ ಅಂತಾರೆ

ಎಳ್ಳಮಾಸಿ ಮುಗಿದು ಮೂರು ದಿನ ಆಗಿತ್ತು. ಮಧ್ಯಾಹ್ನ ಒಬ್ಬ ಬಸುರಿ ನಮ್ಮ ಆರೋಗ್ಯ ಉಪಕೇಂದ್ರದ ಮೆಟ್ಟಿಲು ಹತ್ತಿ ಬಂದಳು. ಸೊಂಟದ ಮೇಲೆ ಒಂದೂವರೆ ವರ್ಷದ ಮಗಳು. ಮೆಟ್ಟಿಲು ಇರುವುದು ನಾಲ್ಕೇ. ನಾಲ್ಕನೆಯದರಲ್ಲಿ ನಿಂತು ಬಾಗಿಲ ಚೌಕಟ್ಟು ಹಿಡಿದಳು, ಉಸಿರು ಎಳೆದುಕೊಂಡಳು, ಆಮೇಲೆ ಒಳಗೆ ಬಂದಳು.

"ಏನಾತು ತಂಗಿ?" ಅಂದೆ.

"ಏನಿಲ್ರಿ ಅಕ್ಕೋರೆ. ಆರಾಮ ಅದೀನಿ."

ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪಗಿರಬೇಕಾದ ಜಾಗ ತೊಳೆದು ತೊಳೆದು ಬಣ್ಣ ಹೋದ ಅರಿವೆಯ ಹಾಗೆ ಬಿಳುಚಿತ್ತು. ಅಂಗೈ ಬಿಡಿಸಿದರೆ ಗೆರೆಗಳಲ್ಲೂ ಕೆಂಪಿಲ್ಲ. ಬೆರಳ ತುದಿಗೆ ಚುಚ್ಚಿ ಒಂದು ಹನಿ ತೆಗೆದು ಪಟ್ಟಿಗೆ ಹಾಕಿದೆ. ರಕ್ತದ ಹಿಮೋಗ್ಲೋಬಿನ್ ಅಳೆಯುವ ಮೀಟರ್ 6.4 ತೋರಿಸಿತು. ಇನ್ನೊಂದು ಬೆರಳಿಗೆ ಚುಚ್ಚಿದೆ. ಮತ್ತೆ ಅದೇ.

ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಓದಿದ್ದು ನರ್ಸಿಂಗ್. ಈ ಪ್ರಕರಣ ಬರೆಯುತ್ತೇನೆ ಅಂತ ಹೇಳಿ ಆಕೆಯ ಒಪ್ಪಿಗೆ ಕೇಳಿದ್ದೇನೆ, ಅತ್ತೆಯ ಒಪ್ಪಿಗೆಯನ್ನೂ ಕೇಳಿದ್ದೇನೆ. ಹೆಸರು ಬರೆಯುವುದಿಲ್ಲ. ನಾನು ಆಕೆಯನ್ನು ತಂಗಿ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ತಾಯಿ ಕಾರ್ಡ್‌ನಲ್ಲಿ ಏನಿತ್ತು

ವಯಸ್ಸು 22. ಎರಡನೇ ಬಸಿರು. ಮೊದಲ ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ, ಹೆಣ್ಣು ಮಗು, 2.3 ಕೆ.ಜಿ. ಹೆರಿಗೆಯಾದ ಮೇಲೆ ರಕ್ತ ಸ್ವಲ್ಪ ಜಾಸ್ತಿ ಹೋಗಿತ್ತು ಅಂತ ಒಂದು ಸಾಲು. ಮಗಳಿಗೆ ವರ್ಷ ತುಂಬುವಷ್ಟರಲ್ಲಿ ಮತ್ತೆ ಬಸಿರು ನಿಂತಿದೆ. ಒಂದು ಹೆರಿಗೆ ಆದ ಮೇಲೆ ಕಡಿಮೆ ಅಂದರೂ ಎರಡು ವರ್ಷ ಬಿಟ್ಟು ಇನ್ನೊಂದು ಬಸಿರು ಅಂತ ನಾವು ಹೇಳುವುದು ಸುಮ್ನೆ ಅಲ್ಲ. ಮೊದಲ ಬಸಿರಿನಲ್ಲಿ ಖಾಲಿಯಾದದ್ದು ತುಂಬಲು ಮೈಗೆ ಅಷ್ಟು ಸಮಯ ಬೇಕು. ಈಕೆ ಮೊಲೆ ಕುಡಿಸುತ್ತಲೇ ಮತ್ತೆ ಬಸುರಿಯಾದವಳು.

12ನೇ ವಾರದಲ್ಲಿ ಮೊದಲ ತಪಾಸಣೆ. ಹಿಮೋಗ್ಲೋಬಿನ್ 9.2, ತೂಕ 42 ಕೆ.ಜಿ. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 10ರಿಂದ 10.9 ಅಂದರೆ ಸಣ್ಣದು, 7ರಿಂದ 9.9 ನಡುವಿನದು, 7ಕ್ಕಿಂತ ಕೆಳಗೆ ಹೋದರೆ ತೀವ್ರ. ಹಾಗಾಗಿ 14ನೇ ವಾರದಲ್ಲಿ ಕಬ್ಬಿಣದ ಕೆಂಪು ಗುಳಿಗೆ ದಿನಕ್ಕೆ ಎರಡರಂತೆ ಎರಡು ತಿಂಗಳಿಗೆ ಕೊಟ್ಟಿದ್ದೆವು. 120 ಗುಳಿಗೆ, 12 ಸ್ಟ್ರಿಪ್. ಒಂದೊಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಕಾರ್ಡ್‌ನಲ್ಲಿ ಅದರ ಮುಂದೆ ಟಿಕ್ ಹಾಕಿದ್ದು ನಾನೇ. ಆ ಟಿಕ್ ನೋಡಿದವರು ಯಾರಾದರೂ ಈಕೆ ಗುಳಿಗೆ ನುಂಗಿದ್ದಾಳೆ ಅಂತಲೇ ತಿಳಿಯುತ್ತಾರೆ. ನಾನು ಬರೆದದ್ದು ಕೊಟ್ಟಿದ್ದೇವೆ ಅಂತ ಅಷ್ಟೇ.

ಆಮೇಲೆ ದಸರಾ ಮುಗಿಸಿ ಗಂಡ ಹೆಂಡತಿ ಬೆಂಗಳೂರಿಗೆ ದುಡಿಯಲು ಹೋದರು. ನಮ್ಮ ಕಡೆ ಇದು ಹೊಸದಲ್ಲ. ಹೊಲ ಇಲ್ಲದವರು, ಹೊಲ ಇದ್ದೂ ಬೆಳೆ ಕೈಕೊಟ್ಟವರು ಗಂಟುಮೂಟೆ ಕಟ್ಟಿಕೊಂಡು ಯಾದಗಿರಿ ಸ್ಟೇಷನ್‌ನಲ್ಲಿ ರೈಲು ಹತ್ತುತ್ತಾರೆ. ಕಟ್ಟಡದ ಕೆಲಸ, ತಗಡಿನ ಶೆಡ್. ಎಳ್ಳಮಾಸಿಗೆ, ಯುಗಾದಿಗೆ ಊರಿಗೆ ಬರುತ್ತಾರೆ. ಬಸುರಿಯರು ಹೋದರೆ ನಮ್ಮ ರಿಜಿಸ್ಟರ್‌ನಲ್ಲಿ ಅವರ ಸಾಲು ಖಾಲಿ ಉಳಿಯುತ್ತದೆ. ಈಕೆಯ ಸಾಲು 14ನೇ ವಾರದಿಂದ 26ನೇ ವಾರದವರೆಗೆ ಖಾಲಿ ಇತ್ತು. ತಾಯಿ ಕಾರ್ಡ್ ತೋರಿಸಿದರೆ ಬೆಂಗಳೂರಿನ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ನೋಡುತ್ತಾರೆ. ಅದನ್ನು ಹೋಗುವ ಮೊದಲು ಆಕೆಗೆ ಯಾರೂ ಹೇಳಿರಲಿಲ್ಲ.

ಕೇಳಿದ ಪ್ರಶ್ನೆ, ಬಂದ ಉತ್ತರ

6.4 ನೋಡಿದ ಮೇಲೆ ನಾನು ಕೇಳಿದ ಮೊದಲ ಮಾತು, "ಗುಳಿಗಿ ತಗೋತಿದ್ದಿ?"

"ಹೂಂನ್ರಿ, ತಗೋತಿದ್ದೆ."

"ದಿನಾ?"

"ದಿನಾ ರೀ."

ದಿನಾ ಎರಡು ಗುಳಿಗೆ ನುಂಗಿದವಳ ರಕ್ತ ಮೂರು ತಿಂಗಳಲ್ಲಿ 9.2ರಿಂದ 6.4ಕ್ಕೆ ಇಳಿಯುವುದು ಕಷ್ಟ. ಜಂತು ಇರಬಹುದು, ಒಳಗೆ ಎಲ್ಲೋ ರಕ್ತ ಹೋಗುತ್ತಿರಬಹುದು, ಬೇರೆ ರೀತಿಯ ರಕ್ತದ ಕಾಯಿಲೆ ಇರಬಹುದು. ಅದನ್ನೆಲ್ಲ ಡಾಕ್ಟರ್ ನೋಡಬೇಕು. ನಾಡಿ ನಿಮಿಷಕ್ಕೆ 112 ಇತ್ತು. ಬಿಪಿ 100/60. ತೂಕ 44, ಅಂದರೆ 14 ವಾರದಲ್ಲಿ ಎರಡೇ ಕೆ.ಜಿ. ಏರಿದೆ. ಮಗುವಿನ ಎದೆ ಬಡಿತ ಚೆನ್ನಾಗಿ ಕೇಳಿಸಿತು. ತಾಲ್ಲೂಕು ಆಸ್ಪತ್ರೆಗೆ ಈಗಲೇ ಹೋಗೋಣ ಅಂದೆ. ಆಕೆ ನೆಲ ನೋಡಿದಳು. "ನಮ್ಮ ಅತ್ತಿಗಿ ಕೇಳಿ ಹೇಳ್ತೀನ್ರಿ" ಅಂದಳು.

ಸಂಜೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಮನೆಗೆ ಹೋದೆ. ಇಂಥ ಮಾತು ಸೊಸೆಯೊಬ್ಬಳ ಹತ್ತಿರ ಮುಗಿಯುವುದಿಲ್ಲ ಅನ್ನುವುದು ಇಷ್ಟು ವರ್ಷದಲ್ಲಿ ಗೊತ್ತಾಗಿದೆ. ಅತ್ತೆ ಚಾ ಇಟ್ಟರು. ನಾನು ಮತ್ತೆ ಗುಳಿಗೆ ನುಂಗಿದೆಯಾ ಅಂತ ಕೇಳಲಿಲ್ಲ. "ಉಳಿದ ಗುಳಿಗಿ ತೋರ್ಸು ತಂಗಿ, ಹಳೇವು ಆಗ್ಯಾವೇನು ನೋಡ್ತೀನಿ" ಅಂದೆ. ಆಕೆ ಒಮ್ಮೆ ಅತ್ತೆಯ ಮುಖ ನೋಡಿ, ಒಳಗೆ ಹೋಗಿ ತಗಡಿನ ಟ್ರಂಕ್ ತೆಗೆದಳು.

ಸೀರೆಗಳ ಕೆಳಗೆ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಹತ್ತು ಸ್ಟ್ರಿಪ್ ಒಡೆಯದೇ ಹಾಗೇ ಇದ್ದವು. ಒಂದು ಪೂರ್ತಿ ಖಾಲಿ. ಇನ್ನೊಂದರಲ್ಲಿ ಆರು ಗುಳಿಗೆ ಉಳಿದಿತ್ತು. ಲೆಕ್ಕ ಹಾಕಿದರೆ ನುಂಗಿದ್ದು 14, ಬರೀ ಏಳು ದಿನದ್ದು. ಬೆಂಗಳೂರಿಗೆ ಒಂದೂ ಹೋಗಿರಲಿಲ್ಲ.

ಅದೇ ಚೀಲದ ಪಕ್ಕ ಒಂದು ಬಳಪದ ಡಬ್ಬಿ ಇತ್ತು, ಅರ್ಧ ಖಾಲಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇಲ್ಲ. ಆಶಾ ಅಕ್ಕ ನನ್ನ ಮುಖ ನೋಡಿದರು. ತಂಗಿ ಸೆರಗಿನ ತುದಿ ಮುಚ್ಚಿಕೊಂಡಳು. ಆ ಗಂಟಿನಲ್ಲೂ ಎರಡು ತುಂಡು ಬಳಪ ಇದ್ದವು.

ಬಳಪ, ಕೆಂಪು ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಬಸುರಿಯರಲ್ಲಿ ತುಂಬಾ ಕಾಣುತ್ತೇವೆ. ಬಯಕೆ ಅಂತ ಮನೆಯವರು ಸುಮ್ಮನಿರುತ್ತಾರೆ. ಇಲ್ಲವೇ ಬೈಯುತ್ತಾರೆ, ಆಕೆ ಕದ್ದು ತಿನ್ನುತ್ತಾಳೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಈ ಆಸೆ ಹೆಚ್ಚಾಗಿ ಬರುತ್ತದೆ. ಮಣ್ಣು, ಬಳಪ ಹೊಟ್ಟೆಗೆ ಹೋದರೆ ಊಟದ ಕಬ್ಬಿಣ ಮೈಗೆ ಹತ್ತುವುದು ಇನ್ನೂ ಕಡಿಮೆ. ಮಣ್ಣಿನ ಜೊತೆ ಜಂತಿನ ಮೊಟ್ಟೆಯೂ ಹೋಗಬಹುದು. ಬೈದರೆ ಡಬ್ಬಿ ಟ್ರಂಕಿನಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೇ. ಹಾಗಾಗಿ ನಾನು ಬೈಯಲಿಲ್ಲ. "ದಿನಕ್ಕ ಎಷ್ಟು ತಿಂತಿ?" ಅಂತ ಮಾತ್ರ ಕೇಳಿದೆ. "ನಾಕೈದು ರೀ. ಬೆಂಗಳೂರಿನಾಗ ಜಾಸ್ತಿ ತಿಂತಿದ್ದೆ." ಆ ದಿನ ಆಕೆ ಸತ್ಯವಾಗಿ ಹೇಳಿದ ಮೊದಲ ಮಾತು ಅದು.

ಗುಳಿಗೆ ಯಾಕೆ ಬಿಟ್ಟಳು

ಕಾರಣ ಒಂದಲ್ಲ. ನುಂಗಿದ ಮೂರನೇ ದಿನದಿಂದ ಹೊಟ್ಟೆ ತೊಳಸಿದ ಹಾಗೆ ಆಯಿತು. ಆಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದಳು. ಆಮೇಲೆ ಬಹಿರ್ದೆಸೆಗೆ ಹೋದಾಗ ಕರ್ರಗೆ ಕಂಡಿತು. ಒಳಗಿನ ರಕ್ತ ಸುಟ್ಟು ಹೋಗುತ್ತಿದೆ ಅಂತ ಹೆದರಿದಳು. ಅತ್ತೆಗೆ ಹೇಳಿದಳು. ಅತ್ತೆ ಏನಂದರು ಅನ್ನುವುದನ್ನು ಅವರೇ ನನಗೆ ಹೇಳಿದರು, ಮುಚ್ಚಿಡಲಿಲ್ಲ.

"ನಾನು ಆರು ಹಡದೀನ್ರಿ ಅಕ್ಕೋರೆ. ಒಂದು ಗುಳಿಗಿ ನುಂಗಿಲ್ಲ. ಗುಳಿಗಿ ನುಂಗಿದ್ರ ಕೂಸು ಕರ್ರಗ ಹುಟ್ತದಂತ. ದೊಡ್ಡದಾಗಿ ಕೊಯ್ದು ತಗೀಬೇಕಾಗ್ತದಂತ. ನಾನೇ ಬ್ಯಾಡ ಅಂದೆ."

ಈ ಎರಡು ಮಾತು ನಮ್ಮ ಭಾಗದ ಮನೆ ಮನೆಯಲ್ಲೂ ಇದೆ, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ. ಮಲ ಕಪ್ಪಾಗುವುದು ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ. ಅದು ರಕ್ತ ಅಲ್ಲ, ಹೆದರುವಂಥದ್ದೂ ಅಲ್ಲ. ಮಗುವಿನ ಮೈಬಣ್ಣ ತಂದೆ ತಾಯಿಯ ವಂಶದಿಂದ ಬರುತ್ತದೆ, ಗುಳಿಗೆಯಿಂದಲ್ಲ. ಇನ್ನು ಮಗು ಹೆರಲಾರದಷ್ಟು ದೊಡ್ಡದಾಗುವುದು ಕಬ್ಬಿಣದಿಂದ ಅಲ್ಲ. ರಕ್ತ ಕಡಿಮೆ ಇದ್ದರೆ ಅದರ ತಿರುವುಮುರುವು ಆಗುತ್ತದೆ: ಮಗು ಸಣ್ಣದಾಗಿ, ಕೆಲವೊಮ್ಮೆ ದಿನ ತುಂಬುವ ಮೊದಲೇ ಹುಟ್ಟುತ್ತದೆ. ಈಕೆಯ ಮೊದಲ ಮಗು 2.3 ಕೆ.ಜಿ. ಇದ್ದದ್ದು ಕಾರ್ಡ್‌ನಲ್ಲೇ ಇದೆ.

ಇದನ್ನೆಲ್ಲ ಹೇಳಿದೆ. ಅತ್ತೆ ತಲೆಯಾಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ. ಆಮೇಲೆ ಹಗೇವಿನ ಮಾತು ತೆಗೆದೆ. "ಅವ್ವಾ, ಹಿಂದಕ ಹಗೇವಿನಾಗ ಜ್ವಾಳ ತುಂಬಿಡ್ತಿದ್ರಿ. ಬರ ಬಂದ್ರ ಏನು ಮಾಡ್ತಿದ್ರಿ?" "ಅದನ್ನೇ ತಗದು ತಿಂತಿದ್ವಿ." "ಹಗೇವು ಖಾಲಿ ಇದ್ದಾಗ ಬರ ಬಂದ್ರ?" ಅವರು ಸುಮ್ಮನಾದರು. "ಹಡಿಯುವಾಗ ಯಾರಿಗಾದ್ರೂ ರಕ್ತ ಹೋಗ್ತದ. ತುಂಬಿದ ಮೈ ಆದ್ರ ತಡ್ಕೋತದ. ಈಕಿ ಮೈ ಈಗ ಖಾಲಿ ಹಗೇವು" ಅಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆ ತಮ್ಮ ಸ್ವಂತ ತಂಗಿಯ ಕಥೆ ಹೇಳಿದರು. ಬೆಳಿಗ್ಗೆ ಹಡೆದವಳು, ಸಂಜೆ ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. "ರಕ್ತ ನಿಲ್ಲಲೇ ಇಲ್ರಿ. ಕೌದಿ ಮ್ಯಾಲ ಕೌದಿ ಹಾಕಿದ್ವಿ." ನಲವತ್ತು ವರ್ಷದ ಹಿಂದಿನ ಮಾತು. ಕಣ್ಣು ಒರೆಸಿಕೊಂಡು ಕೇಳಿದರು, "ಮುಂಜಾನಿ ಎಷ್ಟಕ್ಕ ಬಸ್ಸು?"

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 100 ಬಸುರಿಯರಲ್ಲಿ 52 ಜನರಿಗೆ ರಕ್ತಹೀನತೆ. ಅಂಕಿ ನೋಡಿದರೆ ಗುಳಿಗೆ ಸಿಗುತ್ತಿಲ್ಲವೇನೋ ಅನ್ನಿಸಬಹುದು. ನಮ್ಮ ಕೇಂದ್ರದಲ್ಲಿ ಆ ವರ್ಷ ಗುಳಿಗೆಗೆ ಒಂದು ದಿನವೂ ಕೊರತೆ ಇರಲಿಲ್ಲ. ಟ್ರಂಕಿನ ತನಕ ಹೋಗಿ ನಿಂತಿತ್ತು, ಬಾಯಿಗೆ ಹೋಗಿರಲಿಲ್ಲ.

ಚಿಕಿತ್ಸೆ

ಮರುದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಪೂರ್ತಿ ರಕ್ತ ಪರೀಕ್ಷೆ ಆಯಿತು. ಕೆಂಪು ಕಣಗಳು ಸಣ್ಣವು, ಬಿಳುಚಿದವು. ಕಬ್ಬಿಣದ ಕೊರತೆಯಲ್ಲಿ ಕಾಣುವ ಚಿತ್ರ ಅದೇ. ಮೂತ್ರ, ಸಕ್ಕರೆ ಸರಿ ಇದ್ದವು. ಜಂತಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು ಗುಳಿಗೆ ಕೊಟ್ಟರು. ಇದನ್ನು ಮೊದಲ ಮೂರು ತಿಂಗಳು ಕಳೆದ ಮೇಲೆ ಬಸುರಿಗೆ ಕೊಡಬಹುದು.

7ಕ್ಕಿಂತ ಕಡಿಮೆ ಇದ್ದಾಗ ಬರೀ ಗುಳಿಗೆ ಸಾಲದು. ಇನ್ನು ಮೂರು ತಿಂಗಳಲ್ಲಿ ಹೆರಿಗೆ. ಅದಕ್ಕೆ ಡಾಕ್ಟರ್ ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಅನ್ನುವ ಕಬ್ಬಿಣದ ಔಷಧಿ ಕೊಡಲು ನಿರ್ಧರಿಸಿದರು. ಲೆಕ್ಕ ನನ್ನ ಮುಂದೆಯೇ ಹಾಕಿದರು. ತೂಕ 44, 6.4ರಿಂದ 11ಕ್ಕೆ ಏರಬೇಕಾದ 4.6, ಎರಡನ್ನೂ ಗುಣಿಸಿ ಮತ್ತೆ 2.4ರಿಂದ ಗುಣಿಸಿ, ಮೈಯ ಉಗ್ರಾಣಕ್ಕೆ ಅಂತ 500 ಕೂಡಿಸಿದರೆ ಸುಮಾರು 986 ಮಿಲಿಗ್ರಾಂ. ಅಂದರೆ 200 ಮಿಲಿಗ್ರಾಂನಂತೆ ಐದು ಸಲ, ಒಂದು ದಿನ ಬಿಟ್ಟು ಒಂದು ದಿನ. ಒಂದು ಇಡೀ ಬಸಿರಿಗೆ ಹೆಚ್ಚಾಗಿ ಬೇಕಾಗುವ ಕಬ್ಬಿಣವೂ ಸುಮಾರು 1000 ಮಿಲಿಗ್ರಾಂ. ಪುಂಡಿ ಪಲ್ಯ, ಖರ್ಜೂರ, ಬೆಲ್ಲ, ಬೀಟ್‌ರೂಟ್ ತಿಂದು ತುಂಬಿಸಿಕೊಳ್ಳುತ್ತೇವೆ ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ಪಲ್ಯ ತಿನ್ನಲೇಬೇಕು, ಬೇಡ ಅನ್ನುತ್ತಿಲ್ಲ. ಆದರೆ 6.4 ಇದ್ದಾಗ ಅಷ್ಟರಿಂದಲೇ ಹೆರಿಗೆಯ ಹೊತ್ತಿಗೆ ಮೇಲೇಳುವುದಿಲ್ಲ.

ಐದು ಸಲ ಅಂದರೆ ಐದು ಸಲ ಬಸ್ಸು, ಐದು ದಿನದ ಅತ್ತೆಯ ಕೂಲಿ, ಮಗಳನ್ನು ನೋಡಿಕೊಳ್ಳುವವರು ಬೇಕು. ಆಸ್ಪತ್ರೆಯಲ್ಲಿ ಔಷಧಿಗೆ ದುಡ್ಡಿಲ್ಲ, ನಿಜ. ಆದರೆ ಬಿಟ್ಟುಬಿಡುವುದಕ್ಕೆ ಇಷ್ಟು ಕಾರಣ ಸಾಕು. ಎರಡನೇ ಸಲ ಆದ ಮೇಲೆ ಮೈಕೈ ನೋವು ಬಂದು, ಇನ್ನು ಬೇಡ ಅಂತ ಕೂತಳು. ಆಶಾ ಅಕ್ಕ ಮಗಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಬೆಂಗಳೂರಿಗೆ ವಾಪಸ್ ಹೋಗಿದ್ದ ಗಂಡನಿಗೆ ನಾನು ಫೋನ್ ಮಾಡಿ, ಹೆಂಡತಿಗೆ ಯಾಕೆ ಸುಸ್ತು, ಯಾಕೆ ಇದು ಅರ್ಧಕ್ಕೆ ಬಿಡಬಾರದು ಅಂತ ಹೇಳಿದೆ. ಆತ ಎಲ್ಲಾ ಕೇಳಿ, "ನನಗ ಯಾರೂ ಹೇಳೇ ಇಲ್ರಿ ಮೇಡಂ" ಅಂದ. ಮೂರನೇ ಸಲಕ್ಕೆ ಅವನೇ ರೈಲು ಹತ್ತಿ ಬಂದ.

ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ತವರಿನವರು ಕುಬುಸ ಇಟ್ಟುಕೊಂಡಿದ್ದರು. ಏಳನೇ ತಿಂಗಳು, ಮುಂದೆ ಹಾಕುವ ಹಾಗಿಲ್ಲ. ಮಾಡಲಿ, ಸಂತೋಷದ ದಿನ ಅಲ್ವಾ. ನಾಲ್ಕನೇ ಸಲ ಬಂದಾಗ ಎರಡೂ ಕೈಗೆ ಮೊಣಕೈ ತನಕ ಹಸಿರು ಬಳೆ. ಸೂಜಿ ಹಾಕಲು ಜಾಗ ಇಲ್ಲ, ಬಳೆ ಒಡೆಯುವ ಹಾಗಿಲ್ಲ. ವಾರ್ಡಿನ ಸಿಸ್ಟರ್ ಒಂದೊಂದೇ ಬಳೆಯನ್ನು ಮೇಲಕ್ಕೆ ಸರಿಸಿ, ಅರಿವೆಯಿಂದ ಕಟ್ಟಿ ನಿಲ್ಲಿಸಿ, ಅಂಗೈ ಹಿಂದಿನ ಸಣ್ಣ ನಾಳಕ್ಕೆ ಸೂಜಿ ಹಾಕಿದರು. ಹತ್ತು ನಿಮಿಷ ಹಿಡಿಯಿತು. ಒಂದು ಬಳೆಯೂ ಒಡೆಯಲಿಲ್ಲ. ಐದನೇ ಸಲಕ್ಕೆ ಆಕೆ ಯಾರ ಒತ್ತಾಯವೂ ಇಲ್ಲದೆ ಬಂದಳು. ನನಗೆ ಆ ಹತ್ತು ನಿಮಿಷವೇ ಅದಕ್ಕೆ ಕಾರಣ ಅನ್ನಿಸುತ್ತದೆ.

ಬಳಪದ ಆಸೆ ಎರಡು ವಾರದಲ್ಲಿ ತಾನಾಗೇ ಹೋಯಿತು. "ವಾಸನಿ ಬಂದ್ರೂ ಬ್ಯಾಡ ಅನಸ್ತದ್ರಿ" ಅಂದಳು.

ಐದೂ ಮುಗಿದ ಮೇಲೆ ಗುಳಿಗೆ ಮತ್ತೆ ಶುರು, ದಿನಕ್ಕೆ ಒಂದು. ಈ ಸಲ ಯಾವಾಗ, ಹೇಗೆ ಅನ್ನುವುದನ್ನು ಅತ್ತೆಯ ಮುಂದೆ ಕೂತು ಗೊತ್ತು ಮಾಡಿದೆವು. ಕಬ್ಬಿಣದ ಗುಳಿಗೆ ರಾತ್ರಿ ಊಟ ಆದ ಮೇಲೆ, ಲಿಂಬೆ ನೀರಿನ ಜೊತೆ. ಕ್ಯಾಲ್ಸಿಯಂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ. ಚಾ ಊಟದ ಜೊತೆ ಬೇಡ, ಕನಿಷ್ಠ ಒಂದು ಗಂಟೆ ಬಿಟ್ಟು. ಈ ಮಾತು ಹೇಳುವಷ್ಟು ಸುಲಭ ಅಲ್ಲ. ನಮ್ಮಲ್ಲಿ ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ ರಾತ್ರಿಯ ರೊಟ್ಟಿಯನ್ನು ಚಾದಲ್ಲಿ ಅದ್ದಿ ತಿಂದರೇ ತಿಂಡಿ. ಅದನ್ನು ಬಿಡಿಸಲಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ, ಪಲ್ಯ ಹಚ್ಚಿಕೊಂಡು ಮೊದಲು ತಿನ್ನು, ಚಾ ಕೆಲಸಕ್ಕೆ ಕೂರುವ ಮುಂಚೆ ಕುಡಿ ಅಂದೆ. ಮಧ್ಯಾಹ್ನ ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಸಿಗುತ್ತದೆ. 2017ರ ಅಕ್ಟೋಬರ್‌ನಿಂದ ರಾಜ್ಯದಲ್ಲೆಲ್ಲಾ ಇದೆ: ಬಿಸಿ ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಈ ಮನೆಯ ಸೊಸೆ ಒಂದು ದಿನವೂ ಹೋಗಿರಲಿಲ್ಲ. ಮಂದಿ ಏನಂತಾರೆ ಅಂತ. ಈಗ ಅತ್ತೆಯೇ ಕಳಿಸಿದರು.

ಗುಳಿಗೆಯ ಲೆಕ್ಕ ಅತ್ತೆ ಇಟ್ಟರು. ಹಾಲಿನವರ ಲೆಕ್ಕಕ್ಕೆ ಅಂತ ಅಡುಗೆ ಮನೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾರಲ್ಲ, ಅದರ ಕೆಳಗೇ ಇನ್ನೊಂದು ಸಾಲು.

ನಡುವೆ ಬಂದ ಪ್ರಶ್ನೆಗಳು

ಒಮ್ಮೆ ನಂಬಿಕೆ ಬಂದ ಮೇಲೆ ಪ್ರಶ್ನೆಗಳು ಸಾಲು ಸಾಲಾಗಿ ಬಂದವು. ಕೇಸರಿ ಕುಡಿದರೆ ಮಗು ಬೆಳ್ಳಗಾಗುತ್ತದಾ? ಇಲ್ಲ, ಆ ದುಡ್ಡಿಗೆ ಮೊಟ್ಟೆ ತಗೊಳ್ಳಿ. ಹೇಗೆ ಮಲಗಬೇಕು? ಹೊಟ್ಟೆ ದೊಡ್ಡದಾದ ಮೇಲೆ ಮಗ್ಗುಲಾಗಿ, ಎಡಕ್ಕಾದರೆ ಒಳ್ಳೆಯದು. ಅಂಗಾತ ಮಲಗಿದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಶಿವರಾತ್ರಿಗೆ ಉಪವಾಸ ಮಾಡಬಹುದಾ? ಈ ರಕ್ತದ ಮಟ್ಟದಲ್ಲಿ ಬೇಡ ಅಂದೆ. ಆಕೆ ಬೇಜಾರಾದಳು, ಲಗ್ನ ಆದಾಗಿಂದ ಬಿಟ್ಟಿರಲಿಲ್ಲವಂತೆ. ಅತ್ತೆ ಹೇಳಿದರು, "ನಿನ್ನ ಪಾಲಿಂದೂ ನಾನೇ ಮಾಡ್ತೀನಿ, ನೀ ಉಣ್ಣು." ಮುಗಿಯಿತು.

ಒಂದು ಪ್ರಶ್ನೆ ಆಕೆ ಎಲ್ಲರೂ ಹೊರಗೆ ಹೋಗುವ ತನಕ ಕಾದು, ನೆಲ ನೋಡುತ್ತಾ ಕೇಳಿದಳು. ಗಂಡ ಊರಲ್ಲಿದ್ದಾನೆ, ಜೊತೆಗೆ ಮಲಗಬಹುದಾ? ರಕ್ತಸ್ರಾವ ಇಲ್ಲ, ನೀರು ಹೋಗುತ್ತಿಲ್ಲ, ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿಲ್ಲ, ಡಾಕ್ಟರ್ ಬೇಡ ಅಂದಿಲ್ಲ ಅಂದರೆ ತೊಂದರೆ ಇಲ್ಲ, ನಿನಗೆ ಇಷ್ಟ ಇದ್ದರೆ ಮಾತ್ರ ಅಂದೆ. ಇದನ್ನು ಕೇಳಲು ಒಬ್ಬ ಹೆಣ್ಣುಮಗಳಿಗೆ ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ಕೇಳಿದವರಿಗೆ ನಗದೆ, ನೇರವಾಗಿ ಹೇಳಬೇಕು.

ಅತ್ತೆಯ ಪ್ರಶ್ನೆ ಬೇರೆ. "ಸ್ಕ್ಯಾನಿಂಗ್‌ನಾಗ ಏನು ಕಂಡ್ತಂತ್ರಿ?" ಯಾಕೆ ಕೇಳುತ್ತಿದ್ದಾರೆ ಅಂತ ಅರ್ಥವಾಯಿತು. ಹೊಟ್ಟೆಯ ಮಗು ಗಂಡೋ ಹೆಣ್ಣೋ ಅಂತ ಕೇಳುವುದೂ ಹೇಳುವುದೂ 1994ರ ಕಾನೂನಿನಲ್ಲಿ ಅಪರಾಧ ಅಂತ ಹೇಳಿದೆ. "ಕೈಕಾಲು, ಹೃದಯ ಎಲ್ಲಾ ಸರಿ ಅದಾವ ಅವ್ವಾ" ಅಂದೆ. ಅವರು ಮತ್ತೆ ಕೇಳಲಿಲ್ಲ.

28 ವಾರ ಆದ ಮೇಲೆ ಮಗುವಿನ ಮಿಸುಕಾಟ ಗಮನಿಸಲು ಕಲಿಸಿದ್ದೆ. ಊಟ ಆದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಬೇಕು, ಎರಡು ಗಂಟೆಯಲ್ಲಿ ಹತ್ತು ಸಲ ಆದರೂ ಮಿಸುಕಬೇಕು. ಎಣಿಕೆಗಿಂತ ಮುಖ್ಯ ಅಂದರೆ, ದಿನಾ ಇರುವುದಕ್ಕಿಂತ ಕಡಿಮೆ ಅನ್ನಿಸಿದರೆ ನಾಳೆ ನೋಡೋಣ ಅನ್ನಬಾರದು. 33ನೇ ವಾರದಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ಸಂಜೆಯಿಂದ ಮೂರೇ ಸಲ ಮಿಸುಕಿದೆ. 108ಕ್ಕೆ ಫೋನ್ ಮಾಡಿಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಎದೆ ಬಡಿತ 142, ಎಲ್ಲಾ ಸರಿ, ಅಲ್ಲಿ ಹೋಗುವಷ್ಟರಲ್ಲಿ ಮಗು ಮಿಸುಕಾಡಲು ಶುರು ಮಾಡಿತ್ತು. ಬೆಳಿಗ್ಗೆ ಮನೆಗೆ ಬಂದರು. ಸುಮ್ನೆ ಹೋದ ಹಾಗಾಯಿತು ಅಂತ ನಾಚಿದರು. ಇಂಥ ಹತ್ತು ರಾತ್ರಿ ಸುಮ್ನೆ ಹೋಗಿ ಬರಬಹುದು ಅಂತ ನಾನು ಹೇಳಿದೆ. ರಕ್ತಸ್ರಾವ, ನೀರು ಒಡೆಯುವುದು, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಜ್ವರ, ಕೂತಲ್ಲೇ ಏದುಸಿರು, ಫಿಟ್ಸ್. ಇವುಗಳಿಗೂ ಅದೇ ಮಾತು, ರಾತ್ರಿ ಹಗಲು ನೋಡಬಾರದು.

ಹೆರಿಗೆ

32ನೇ ವಾರದಲ್ಲಿ ಹಿಮೋಗ್ಲೋಬಿನ್ 9.1. 36ನೇ ವಾರದಲ್ಲಿ 10.4, ತೂಕ 49 ಕೆ.ಜಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ, ಒಂದನ್ನೂ ತಪ್ಪಿಸಲಿಲ್ಲ. ಹೆರಿಗೆ ಎಲ್ಲಿ ಅನ್ನುವುದನ್ನು ಮೊದಲೇ ಗೊತ್ತು ಮಾಡಿದ್ದೆವು: ನಮ್ಮ ಹತ್ತಿರದ ಸಣ್ಣ ಕೇಂದ್ರದಲ್ಲಿ ಬೇಡ, ರಕ್ತದ ವ್ಯವಸ್ಥೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲೇ. ತವರಿಗೆ ಹೋಗಿ ಹಡೆಯುವುದು ವಾಡಿಕೆ. ಆದರೆ ತವರು ಆಸ್ಪತ್ರೆಯಿಂದ ದೂರ, ಅದಕ್ಕೆ ತಾಯಿಯೇ ಇಲ್ಲಿಗೆ ಬಂದರು.

ಯುಗಾದಿಯ ಆಸುಪಾಸು, 39ನೇ ವಾರ, ಬೆಳಗಿನ ಜಾವ ಸಹಜ ಹೆರಿಗೆ ಆಯಿತು. ಹೆಣ್ಣು ಮಗು, 2.8 ಕೆ.ಜಿ. ಹೊಕ್ಕಳ ಬಳ್ಳಿಯನ್ನು ಹುಟ್ಟಿದ ತಕ್ಷಣ ಕತ್ತರಿಸದೆ ಎರಡು ನಿಮಿಷದಷ್ಟು ಕಾದರು. ಆ ಹೊತ್ತಿನಲ್ಲಿ ಮಾಸಿನಿಂದ ಮಗುವಿಗೆ ಹರಿಯುವ ರಕ್ತ ಮುಂದಿನ ತಿಂಗಳುಗಳಿಗೆ ಅದರ ಕಬ್ಬಿಣದ ಗಂಟು.

ಮಾಸು ಬಂದ ಮೇಲೆ ಗರ್ಭಕೋಶ ಬೇಗ ಗಟ್ಟಿಯಾಗಲಿಲ್ಲ. ರಕ್ತ ಹೋಗತೊಡಗಿತು. ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟಾಗಿತ್ತು, ಮತ್ತೆ ಸಲೈನ್‌ನಲ್ಲಿ ಹಾಕಿದರು. ಹೊಟ್ಟೆ ತಿಕ್ಕಿ ತಿಕ್ಕಿ ಗರ್ಭಕೋಶ ಗಟ್ಟಿ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ನಿಂತಿತು. ಸುಮಾರು 600 ಮಿಲಿ ಹೋಗಿರಬಹುದು ಅಂತ ಬರೆದರು. 500 ದಾಟಿದರೇ ಅದನ್ನು ಹೆಚ್ಚು ಅನ್ನುತ್ತಾರೆ. ಬಿಪಿ ಇಳಿಯಲಿಲ್ಲ, ರಕ್ತ ಏರಿಸುವ ಅಗತ್ಯ ಬರಲಿಲ್ಲ. ಹತ್ತರ ಮೇಲಿದ್ದ ಮೈ ತಡೆದುಕೊಂಡಿತು. ಇದೇ 600 ಮಿಲಿ ಎಳ್ಳಮಾಸಿಯ ಆ ಮಧ್ಯಾಹ್ನದ 6.4ರಿಂದ ಹೋಗಿದ್ದರೆ ಅಂತ ಯೋಚಿಸಿದಾಗ ಈಗಲೂ ಕೈ ತಣ್ಣಗಾಗುತ್ತದೆ.

ಹೆಣ್ಣು ಅಂದಾಗ ಅತ್ತೆ ಒಂದು ಕ್ಷಣ ಮಾತಾಡಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮಗುವನ್ನು ಬೆಳಕಿಗೆ ಹಿಡಿದು, ಕಿವಿಯ ಹಿಂದೆ, ಬೆರಳ ಸಂದಿ ಎಲ್ಲಾ ನೋಡಿದರು. ಎರಡೂವರೆ ತಿಂಗಳು ತಮ್ಮ ಕೈಯಾರೆ ಗುಳಿಗೆ ಕೊಟ್ಟವರು ಅವರೇ. "ಅವರಪ್ಪನ ಬಣ್ಣನೇ ಬಂದದ" ಅಂದು ಕೌದಿಯಲ್ಲಿ ಸುತ್ತಿದರು. ಎರಡನೆಯದು ಹೆಣ್ಣಾದರೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ 6000 ರೂಪಾಯಿ ಬರುತ್ತದೆ ಅಂತ ಹೇಳಿ, ಅರ್ಜಿಗೆ ಬೇಕಾದ ಕಾಗದಗಳನ್ನು ಅವರ ಕೈಯಿಂದಲೇ ತರಿಸಿದೆ.

ಆಮೇಲೆ

ಬಾಣಂತಿಗೂ 180 ದಿನ ಕಬ್ಬಿಣದ ಗುಳಿಗೆ ಇದೆ. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ, ಹೆರಿಗೆ ಆದ ಕೂಡಲೇ ನಿಲ್ಲಿಸುತ್ತಾರೆ. 42ನೇ ದಿನ ಮನೆಗೆ ಹೋದಾಗ 10.1 ಇತ್ತು. ಅಂತರ ಇಡುವ ಬಗ್ಗೆ ಗಂಡನನ್ನೂ ಕೂರಿಸಿಕೊಂಡು ಮಾತಾಡಿದೆವು. ಕಾಪರ್-ಟಿಯಲ್ಲಿ ಮುಟ್ಟಿನ ರಕ್ತ ಸ್ವಲ್ಪ ಜಾಸ್ತಿಯಾಗಬಹುದು, ಈಕೆಗೆ ಅದು ಬೇಡ ಅನ್ನಿಸಿತು. ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ ನುಂಗುವ ಛಾಯಾ ಗುಳಿಗೆ ಮರೆಯಬಹುದು ಅಂತ ಆಕೆಯೇ ಹೇಳಿದಳು. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಆರಿಸಿಕೊಂಡಳು.

ನಾನು ಕೇಳುವ ರೀತಿ ಬದಲಾಗಿದೆ. ಗುಳಿಗಿ ತಗೋತೀಯಾ ಅಂತ ಈಗ ಯಾರನ್ನೂ ಕೇಳುವುದಿಲ್ಲ. ದೊಡ್ಡವರ ಮುಂದೆ, ಸರ್ಕಾರದವರ ಮುಂದೆ ಹೂಂ ಅನ್ನುವುದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದ ಮರ್ಯಾದೆ. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಖಾಲಿ ಸ್ಟ್ರಿಪ್ ತಂದು ತೋರಿಸು ಅನ್ನುತ್ತೇನೆ. ಏನು ಉಂಡ ಮೇಲೆ ನುಂಗಿದೆ ಅಂತ ಕೇಳುತ್ತೇನೆ. ಕರ್ರಗ ಹೋಗ್ತದಾ ಅಂತ ಕೇಳುತ್ತೇನೆ. ಹೌದು ಅಂದರೆ, ಸರಿ, ಗುಳಿಗೆ ಹೊಟ್ಟೆಗೆ ಹೋಗಿದೆ. ಮೊದಲು ಹೆದರಿಸುತ್ತಿದ್ದ ಬಣ್ಣ ಈಗ ನಮ್ಮ ಸಾಕ್ಷಿ. ಕೊನೆಗೆ, ಮನೆಯಲ್ಲಿ ಈ ಗುಳಿಗೆ ಬಗ್ಗೆ ಏನಂತಾರೆ ಅಂತ ಕೇಳಿ ಸುಮ್ಮನೆ ಕೂರುತ್ತೇನೆ. ಉತ್ತರ ಬರಲು ಹೊತ್ತಾಗುತ್ತದೆ. ಬರುತ್ತದೆ.

ಕಾರ್ಡ್‌ನಲ್ಲಿ ಟಿಕ್ ಪಕ್ಕದಲ್ಲಿ ಈಗ ಖಾಲಿ ಸ್ಟ್ರಿಪ್‌ಗಳ ಸಂಖ್ಯೆ ಬರೆಯುತ್ತೇನೆ. ದುಡಿಯಲು ಹೋಗುವ ಬಸುರಿಯರ ಪಟ್ಟಿ ಬೇರೆ ಇದೆ, ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತೇನೆ.

ಮಳೆಗಾಲ ಶುರುವಾಗುವ ಮೊದಲು ತಂಗಿ, ಗಂಡ, ಇಬ್ಬರು ಮಕ್ಕಳು ಮತ್ತೆ ಬೆಂಗಳೂರಿಗೆ ಹೊರಟರು. ಹೋಗುವ ಹಿಂದಿನ ದಿನ ಬಂದು ಉಳಿದ ಗುಳಿಗೆ ತೋರಿಸಿದಳು, ಒಂಬತ್ತು ಸ್ಟ್ರಿಪ್. ಅಲ್ಲಿಯ ಹತ್ತಿರದ ಕೇಂದ್ರದಲ್ಲಿ ಮಗುವಿಗೆ ಮುಂದಿನ ಲಸಿಕೆ ಹಾಕಿಸುವ ತಾರೀಕನ್ನು ಕಾರ್ಡ್‌ನಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಮೆಟ್ಟಿಲು ಇಳಿಯುವಾಗ ಒಂದು ಕಂಕುಳಲ್ಲಿ ಚಿಕ್ಕದು, ಇನ್ನೊಂದು ಕೈಯಲ್ಲಿ ದೊಡ್ಡವಳು. ಚೌಕಟ್ಟು ಹಿಡಿಯಲಿಲ್ಲ.